ಹತ್ತೊಂಬತ್ತನೇ ಫಾರಂ

ಕ್ರಾಂತಿಯ ಬಗ್ಗೆ ಚರ್ಚೆ ಬೆಳಿಗ್ಗೆ ಹತ್ತೂವರೆಗೆ ಶುರುವಾಗಬೇಕಿತ್ತು. ಬಿಸ್ಕತ್ತು ಬರುವುದು ತಡವಾದ್ದರಿಂದ ಹನ್ನೊಂದೂಕಾಲಿಗೆ ಶುರುವಾಯಿತು.

ನಾನು ಅಲ್ಲಿದ್ದದ್ದು ಚರ್ಚಿಸುವುದಕ್ಕಲ್ಲ, ಕುರ್ಚಿ ಹಾಕುವುದಕ್ಕೆ. ನನ್ನ ನಿಜವಾದ ಕೆಲಸ ನೆಲಮಾಳಿಗೆಯಲ್ಲಿ. ಓದುಗರ ಸಂಘದ ಕಟ್ಟಡದಲ್ಲಿ ಮೇಲೆ ಸಭಾಂಗಣ, ನಡುವೆ ಗ್ರಂಥಾಲಯ, ಎಲ್ಲಕ್ಕಿಂತ ಕೆಳಗೆ ಬೈಂಡಿಂಗ್ ಕೋಣೆ. ಅಲ್ಲಿ ನಾವು ಮೂರು ಜನ. ನಾನು ಪುಸ್ತಕ ಹೊಲಿಯುವವಳು. ಚಿಕ್ಕಮ್ಮ, ಅಂದರೆ ನಮ್ಮಮ್ಮನ ತಂಗಿ, ಹಾಳೆ ಮಡಿಸುವವಳು, ಅಂಟು ಹಚ್ಚುವವಳು. ಕಟಿಂಗ್ ಅಣ್ಣ ಮಿಷನ್ನಿನಲ್ಲಿ ಕಾಗದ, ರಟ್ಟು ಕತ್ತರಿಸುವವನು. ಹಿಂದೆ ಫ್ರಾನ್ಸಿನಲ್ಲಿ ರಾಜನ ತಲೆ ತೆಗೆದ ಯಂತ್ರಕ್ಕೂ ಅವನ ಮಿಷನ್ನಿಗೂ ಒಂದೇ ಹೆಸರಂತೆ, ಗಿಲೊಟಿನ್. ಅದನ್ನು ಹೇಳಿದ್ದು ಸಂಘದ ಅಧ್ಯಕ್ಷೆ. ಒಂದು ದಿನ ಕೆಳಗಿಳಿದು ಬಂದು, "ನಿಮಗೆ ಭಯ ಆಗಲ್ವಾ?" ಎಂದು ಅವನನ್ನು ಕೇಳಿದರು.

"ಇಲ್ಲಮ್ಮಾ. ಇದರಲ್ಲಿ ಬರೀ ಬೆರಳು ಹೋಗುತ್ತೆ," ಎಂದು ಅವನು ಎಡಗೈ ತೋರಿಸಿದ. ತೋರುಬೆರಳು ಅರ್ಧವೇ ಇದೆ. ಅಧ್ಯಕ್ಷೆ ಅಯ್ಯೋ ಎಂದು ಸೆರಗು ಬಾಯಿಗೆ ಹಿಡಿದು ಮೇಲೆ ಹೋದರು. ಒಳ್ಳೆಯ ಹೆಂಗಸು. ನಮ್ಮನ್ನು ಕಂಡಾಗಲೆಲ್ಲ ಅಯ್ಯೋ ಅನ್ನುತ್ತಾರೆ.

ಅವತ್ತಿನ ಚರ್ಚೆ ಒಂದು ಫ್ರೆಂಚ್ ಕಾದಂಬರಿಯ ಮೇಲೆ. ನೂರೈವತ್ತು ವರ್ಷ ಹಳೆಯದು. ಅದರ ಅನುವಾದ ಎಲ್ಲೂ ಸಿಗುತ್ತಿರಲಿಲ್ಲ ಎಂದು ಸಂಘವೇ ಮತ್ತೆ ಅಚ್ಚು ಹಾಕಿಸಿ, ಸದಸ್ಯರಿಗಾಗಿ ನಲವತ್ತು ಪ್ರತಿಗಳನ್ನು ಕೈಹೊಲಿಗೆಯಲ್ಲಿ ಬೈಂಡ್ ಮಾಡಲು ನಮಗೆ ಕೊಟ್ಟಿತ್ತು. ಮೇಲಿನವರಿಗೆ ಕಾದಂಬರಿ ಅಂದರೆ ಜೀವನದರ್ಶನ. ನಮಗೆ ಮೂವತ್ತೊಂದು ಫಾರಂ. ಅಚ್ಚಾದ ದೊಡ್ಡ ಹಾಳೆಯನ್ನು ಮೂರು ಸಲ ಮಡಿಸಿದರೆ ಹದಿನಾರು ಪುಟದ ಒಂದು ಫಾರಂ ಆಗುತ್ತದೆ. ಮೂವತ್ತೊಂದು ಫಾರಂ, ನಲವತ್ತು ಪ್ರತಿ, ಒಂದೊಂದಕ್ಕೆ ಮೂರು ಮಡಿಕೆ. ಲೆಕ್ಕ ನೀವೇ ಹಾಕಿಕೊಳ್ಳಿ. ಲೆಕ್ಕ ಚಿಕ್ಕಮ್ಮನ ಹೆಬ್ಬೆರಳಿಗೆ ಗೊತ್ತು.

ಮಡಿಸುವಾಗ ನಾನೂ ಅವಳ ಜೊತೆ ಕೂರುತ್ತೇನೆ. ಕೈ ಮಡಿಸುತ್ತದೆ, ಕಣ್ಣು ಓದುತ್ತದೆ. ಒಂದೇ ಫಾರಂ ನಲವತ್ತು ಸಲ ಕೈಗೆ ಬರುತ್ತದಲ್ಲ, ಈ ಹಾಳೆಯಲ್ಲಿ ಅರ್ಧ ಪುಟ, ಮುಂದಿನ ಹಾಳೆಯಲ್ಲಿ ಉಳಿದರ್ಧ, ಹೀಗೆ ಓದುತ್ತ ಹೋದರೆ ಗುಡ್ಡೆ ಮುಗಿಯುವ ಹೊತ್ತಿಗೆ ಹದಿನಾರು ಪುಟವೂ ಮುಗಿದಿರುತ್ತದೆ. ಚಿಕ್ಕಮ್ಮನಿಗೆ ಓದಲು ಬರುವುದಿಲ್ಲ. ಅವಳಿಗೆ ಕೇಳಲಿ ಎಂದು ಗಟ್ಟಿಯಾಗಿ ಓದುತ್ತಿದ್ದೆ.

ಕಥೆ ಇಷ್ಟು. ಒಬ್ಬ ಜಮೀನ್ದಾರನ ಮಗ. ಅರಮನೆಯಂಥ ಮನೆ ಬಿಟ್ಟು ದಂಗೆಯವರ ಜೊತೆ ಸೇರುತ್ತಾನೆ. ಮೂವತ್ತೊಂದು ಫಾರಂನಲ್ಲಿ ಹದಿನಾಲ್ಕು ಫಾರಂ ಅವನು ಕಿಟಕಿಯ ಹತ್ತಿರ ನಿಂತು ಯೋಚನೆ ಮಾಡುವುದೇ ಇದೆ.

"ಅವನಿಗೆ ಬೇರೆ ಕೆಲಸ ಇಲ್ವೇನೇ?" ಚಿಕ್ಕಮ್ಮ ಕೇಳುತ್ತಿದ್ದಳು.

"ನೊಂದುಕೊಳ್ತಿದಾನೆ ಚಿಕ್ಕಮ್ಮ. ಬಡವರಿಗೋಸ್ಕರ."

"ನೊಂದ್ಕೊಳ್ಳಲಿ ಪಾಪ. ಊಟ ಆಗಿದೆಯಲ್ಲ."

ಹತ್ತೊಂಬತ್ತನೇ ಫಾರಂ ಬಂದಾಗ ಮಾತ್ರ ಅವಳ ಕೈ ನಿಂತಿತು. ಅದರಲ್ಲಿ ಜಮೀನ್ದಾರನ ಮಗ ಇಲ್ಲವೇ ಇಲ್ಲ. ಬಟ್ಟೆ ಒಗೆಯುವ ದೊಡ್ಡ ಕಾರ್ಖಾನೆ ಇದೆ. ಕುದಿಯುವ ಹಂಡೆ, ಹಬೆ, ನಲವತ್ತು ಐವತ್ತು ಹೆಂಗಸರು. ಬೆಳಿಗ್ಗೆ ಅವರು ಒಳಗೆ ಹೋದ ಮೇಲೆ ಮೇಸ್ತ್ರಿ ಹೊರಗಿನಿಂದ ಬೀಗ ಹಾಕುತ್ತಾನೆ, ಹನ್ನೆರಡು ಗಂಟೆ ಕೆಲಸವಾದ ಮೇಲೆ ತೆಗೆಯುತ್ತಾನೆ. ಒಂದು ದಿನ ಹಬೆಗೆ ಒಬ್ಬಳು ಬಿದ್ದುಬಿಡುತ್ತಾಳೆ. ಬಾಗಿಲು ಬಡಿದರೆ ಯಾರೂ ತೆಗೆಯುವುದಿಲ್ಲ. ಆಗ ಹೆಂಗಸರೆಲ್ಲ ಸೇರಿ ಬೀಗ ಒಡೆಯುವುದಿಲ್ಲ, ಬಾಗಿಲನ್ನೇ ಗೋಡೆಯಿಂದ ಕಿತ್ತುಹಾಕುತ್ತಾರೆ. ಕಿತ್ತ ಬಾಗಿಲನ್ನು ಹೊತ್ತುಕೊಂಡು ಬೀದಿಗೆ ಬಂದು, ಸಿಪಾಯಿಗಳನ್ನು ತಡೆಯಲು ರಸ್ತೆಗಡ್ಡ ನಿಲ್ಲಿಸುತ್ತಾರೆ. ದಂಗೆ ಶುರುವಾಗುವುದೇ ಅಲ್ಲಿಂದ.

ಚಿಕ್ಕಮ್ಮ ಕೇಳಿದಳು: "ಹನ್ನೆರಡು ಗಂಟೆ ಬೀಗ ಹಾಕಿದ್ರೆ ಅವರೆಲ್ಲ ಒಂದಕ್ಕೆ ಎಲ್ಲಿಗೆ ಹೋಗ್ತಿದ್ರು?"

"ಅದನ್ನ ಬರೆದಿಲ್ಲ."

"ಬರೆದೋನು ಗಂಡಸು ತಾನೇ," ಎಂದು ಅವಳು ಮತ್ತೆ ಮಡಿಸತೊಡಗಿದಳು.

ಆ ಕಾದಂಬರಿಯ ಬಗ್ಗೆ ನಾನು ಕೇಳಿದ ಅತ್ಯುತ್ತಮ ವಿಮರ್ಶೆ ಅದು. ಮೇಲಿನ ಸಭೆಯಲ್ಲಿ ಅದಕ್ಕೆ ಸಮನಾದ್ದು ಬರಲಿಲ್ಲ.

ಅವಳು ಯಾಕೆ ಹಾಗೆ ಕೇಳಿದಳು ಎಂದು ಹೇಳಬೇಕು. ನಮ್ಮ ಕಟ್ಟಡದಲ್ಲಿ ಕಕ್ಕಸು ಒಂದೇ. ಮೇಲಿನ ಮಹಡಿಯಲ್ಲಿ, ಸಭಾಂಗಣದ ಪಕ್ಕ. ಬಿಳಿ ಟೈಲ್ಸು, ಕನ್ನಡಿ, ಕೈ ಒರೆಸಲು ಟವೆಲ್ಲು. ಅದು ಸದಸ್ಯರಿಗೆ. ಕೀಲಿ ಸಂಘದ ಕಾರ್ಯದರ್ಶಿಯ ಜೇಬಿನಲ್ಲಿ. ನಮಗೆ ಮಾರ್ಕೆಟ್ಟಿನ ಹಿಂದಿನ ಸಾರ್ವಜನಿಕ ಕಕ್ಕಸು. ಹೋಗಲು ಕಾಲು ಗಂಟೆ, ಬರಲು ಕಾಲು ಗಂಟೆ, ಅಲ್ಲಿ ಸಾಲು ಬೇರೆ. ಊಟದ ಹೊತ್ತು ಬಿಟ್ಟು ಬೇರೆ ಹೊತ್ತಿನಲ್ಲಿ ಹೋದರೆ ಅರ್ಧ ದಿನದ ರಜೆ ಎಂದು ಹಾಕುತ್ತಾರೆ. ಕಟಿಂಗ್ ಅಣ್ಣ ಗಂಡಸು, ಹಿತ್ತಲಿನ ಗೋಡೆ ಇದೆ. ನಾವು ನೀರು ಕುಡಿಯುವುದಿಲ್ಲ. ಬೆಳಿಗ್ಗೆ ಮನೆಯಲ್ಲಿ ಅರ್ಧ ಲೋಟ, ಮತ್ತೆ ಮನೆಗೆ ಹೋದ ಮೇಲೆ. ಬೇಸಿಗೆಯಲ್ಲಿ ನಾಲಿಗೆ ಅಂಟಿಕೊಂಡರೆ ಚಿಕ್ಕಮ್ಮ ಬಾಯಿ ಮುಕ್ಕಳಿಸಿ ಉಗಿಯುತ್ತಿದ್ದಳು. ಹನ್ನೊಂದು ವರ್ಷ ಹೀಗೆ ಕೆಲಸ ಮಾಡಿದ್ದಾಳೆ.

ತಮಾಷೆ ಏನೆಂದರೆ, ವಾರಕ್ಕೊಮ್ಮೆ ಆ ಕೀಲಿ ಅವಳ ಕೈಗೆ ಬರುತ್ತಿತ್ತು. ಶನಿವಾರ ಬೆಳಿಗ್ಗೆ, ತೊಳೆಯುವುದಕ್ಕೆ. ತೊಳೆಯುವಾಗ ಬಾಗಿಲು ತೆರೆದೇ ಇರಬೇಕು. ಕಾರ್ಯದರ್ಶಿ ಹೊರಗೆ ಪೇಪರು ಓದುತ್ತ ನಿಂತಿರುತ್ತಿದ್ದರು. ಅವಳು ಬಕೆಟ್ಟು, ಪೊರಕೆ ಹಿಡಿದು ಹೊರಬಂದ ತಕ್ಷಣ ಕೈ ಚಾಚಿ ಕೀಲಿ ಇಸಿದುಕೊಳ್ಳುತ್ತಿದ್ದರು. ಮಂಡಿಯೂರಿ ಉಜ್ಜಬಹುದು, ಕೂರುವಂತಿಲ್ಲ. ಇದನ್ನು ಬರೆಯುವಾಗಲೂ ನನ್ನ ಮೈ ಉರಿಯುತ್ತದೆ.

ಕೀಲಿಗಾಗಿ ನಾನು ಎರಡು ಸಲ ಕೇಳಿದ್ದೆ. ಮೊದಲ ಸಲ, "ಬರವಣಿಗೆಯಲ್ಲಿ ಕೊಡು," ಎಂದರು. ಕೊಟ್ಟೆ. ಎರಡನೇ ಸಲ ಕೇಳಿದಾಗ, ಅದು ಸಮಿತಿಯ ಮುಂದೆ 'ಇತರೆ ವಿಷಯಗಳು' ಎಂಬಲ್ಲಿ ಇದೆ ಎಂದರು. ಆ ಇತರೆ ವಿಷಯಗಳ ತನಕ ಯಾವ ಸಭೆಯೂ ಮುಟ್ಟಲಿಲ್ಲ. ಅಷ್ಟು ಹೊತ್ತಿಗೆ ಬಿಸ್ಕತ್ತು ಖಾಲಿಯಾಗಿರುತ್ತದೆ.

ಆ ಪುಸ್ತಕದ ಕೆಲಸ ನಡೆಯುವಾಗ ಒಂದು ಮಧ್ಯಾಹ್ನ ಚಿಕ್ಕಮ್ಮ ಮಡಿಸಿದ ಫಾರಂಗಳ ಗುಡ್ಡೆಗಳನ್ನು ಉದ್ದ ಮೇಜಿನ ಮೇಲೆ ಸಾಲಾಗಿ ಜೋಡಿಸುತ್ತಿದ್ದಳು. ಒಂದು, ಎರಡು, ಮೂರು, ಹೀಗೆ. ಎರಡು ದಿನದಿಂದ ಅವಳಿಗೆ ಉರಿಮೂತ್ರ. ಹೇಳಿರಲಿಲ್ಲ. ಹತ್ತೊಂಬತ್ತನೇ ಗುಡ್ಡೆಯನ್ನು ಎತ್ತಿಕೊಂಡವಳು ಇದ್ದಕ್ಕಿದ್ದಂತೆ ಅದನ್ನು ರಟ್ಟಿನ ಅಟ್ಟಿಯ ಹಿಂದೆ ಇಟ್ಟು, ಹೊಟ್ಟೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಓಡಿದಳು. ಮಾರ್ಕೆಟ್ಟಿನವರೆಗೂ ಓಡಿದಳಂತೆ. ಅಲ್ಲಿ ಮುಂದೆ ಒಂಬತ್ತು ಜನ. ಸಾಲಿನಲ್ಲಿ ನಿಂತಲ್ಲೇ ಸೀರೆ ಒದ್ದೆಯಾಯಿತು. ಆಮೇಲೆ ರಕ್ತ. ಆಮೇಲೆ ಬಿದ್ದಳು. ತರಕಾರಿ ಮಾರುವ ಹೆಂಗಸೊಬ್ಬಳು ಆಟೋ ಹತ್ತಿಸಿ ಆಸ್ಪತ್ರೆಗೆ ಕಳಿಸಿದಳು.

ಡಾಕ್ಟರಮ್ಮ ನನ್ನನ್ನೇ ಬೈದರು. "ದಿನಕ್ಕೆ ಮೂರು ಲೀಟರ್ ನೀರು ಕುಡೀಬೇಕು. ತಡ್ಕೊಂಡು ಕೂರೋ ಹಾಗಿಲ್ಲ. ಇನ್ನೊಂದ್ಸಲ ಹೀಗಾದ್ರೆ ಕಿಡ್ನಿ ಉಳಿಯಲ್ಲ."

"ಎರಡಿದಾವಲ್ಲಮ್ಮ," ಎಂದಳು ಚಿಕ್ಕಮ್ಮ ಮಲಗಿದಲ್ಲಿಂದಲೇ.

ನಾನು ನಗಲಿಲ್ಲ. ಡಾಕ್ಟರಮ್ಮನೂ ನಗಲಿಲ್ಲ.

ಮರುದಿನ ಚಿಕ್ಕಮ್ಮನ ಕೆಲಸವನ್ನೂ ನಾನೇ ಮಾಡಿದೆ. ಮೇಜಿನ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯುತ್ತ, ಗುಡ್ಡೆಗೊಂದರಂತೆ ಫಾರಂ ಎತ್ತಿಕೊಂಡು ಒಂದೊಂದು ಪುಸ್ತಕ ಸೇರಿಸಬೇಕು. ಹದಿನೆಂಟು ಆದ ಮೇಲೆ ಇಪ್ಪತ್ತು ಇತ್ತು. ನಾನು ನೋಡಲಿಲ್ಲ. ತಲೆ ಆಸ್ಪತ್ರೆಯಲ್ಲಿತ್ತು, ಕೈ ಮಾತ್ರ ಮೇಜಿನ ಮೇಲಿತ್ತು. ನಲವತ್ತೂ ಪುಸ್ತಕ ಹಾಗೇ ಹೊಲಿದೆ. ಕಟಿಂಗ್ ಅಣ್ಣ ಅಂಚು ಕತ್ತರಿಸಿದ. ರಟ್ಟು ಕೂತಿತು, ಬೆನ್ನಿಗೆ ಬಂಗಾರದ ಅಕ್ಷರ ಬಂತು, ಸದಸ್ಯರ ಮನೆ ಮನೆಗೆ ಹೋಯಿತು. ವಾರವಾದ ಮೇಲೆ ರಟ್ಟಿನ ಅಟ್ಟಿ ಸರಿಸಿದಾಗ, ಹಿಂದೆ ನಲವತ್ತು ಫಾರಂಗಳ ಗುಡ್ಡೆ. ಮೇಲಿನದನ್ನು ತಿರುಗಿಸಿ ನೋಡಿದೆ: ಹತ್ತೊಂಬತ್ತು.

ಕಟಿಂಗ್ ಅಣ್ಣ ಗುಡ್ಡೆಯನ್ನೂ ನನ್ನನ್ನೂ ನೋಡಿದ. "ಸುಮ್ನಿರು. ಯಾರೂ ಓದಲ್ಲ," ಎಂದ.

"ಚರ್ಚೆ ಇಟ್ಕೊಂಡಿದಾರಲ್ಲಣ್ಣ."

"ಅದಕ್ಕೇ ಹೇಳಿದ್ದು."

ಚಿಕ್ಕಮ್ಮ ಹಳದಿ ಮುಖ ಹೊತ್ತು ಕೆಲಸಕ್ಕೆ ವಾಪಸು ಬಂದಿದ್ದಳು. ತಪ್ಪು ಹೊರಗೆ ಬಂದರೆ ಮೊದಲು ಹೋಗುವುದು ಅವಳ ಕೆಲಸ. ನಾನು ಬಾಯಿ ಮುಚ್ಚಿಕೊಂಡೆ.

ಚರ್ಚೆಯ ದಿನ ಬೆಳಿಗ್ಗೆ ಮೂರನೇ ಸಲ ಕೀಲಿ ಕೇಳಿದೆ. ಕಾರ್ಯದರ್ಶಿ ಸಭಾಂಗಣದಲ್ಲಿ ಹೊಸ ಕೆಂಪು ಕಾರ್ಪೆಟ್ಟು ಹಾಸಿಸುತ್ತಿದ್ದರು. ಆಸ್ಪತ್ರೆಯ ಚೀಟಿ ತೋರಿಸಿದೆ. ಚೀಟಿಯನ್ನು ಕೈಗೆ ತೆಗೆದುಕೊಳ್ಳದೆ, ದೂರದಿಂದಲೇ ಓದಿದರು.

"ನೋಡಮ್ಮಾ, ನನಗೇನೂ ಇಲ್ಲ. ಮೆಂಬರ್ಸಿಗೆ ಮುಜುಗರ ಆಗುತ್ತೆ. ಇವತ್ತಂತೂ ಆ ಮಾತೇ ಎತ್ತಬೇಡ, ಗಣ್ಯರೆಲ್ಲ ಬರ್ತಿದಾರೆ." ಆಮೇಲೆ ಜೇಬಿನಿಂದ ಒಂದು ಚೀಟಿ ತೆಗೆದು ನನಗೆ ಕೊಟ್ಟರು. "ಶ್ರಮಿಕರ ದನಿಯೂ ಇರಲಿ ಅಂತ ಅಧ್ಯಕ್ಷರ ಆಸೆ. ಕೊನೆಗೆ ಕರೀತಾರೆ. ಇಷ್ಟು ಹೇಳಿ ಇಳಿದುಬಿಡು."

ಚೀಟಿಯಲ್ಲಿ ಬರೆದಿತ್ತು: ಇಂಥ ಮಹಾಕೃತಿಯನ್ನು ಹೊಲಿಯುವ ಭಾಗ್ಯ ನಮ್ಮಂಥ ಸಾಮಾನ್ಯರಿಗೆ ಸಿಕ್ಕಿದ್ದು ನಮ್ಮ ಪುಣ್ಯ. ನಮಸ್ಕಾರ.

ಸಭೆ ತುಂಬಿತ್ತು. ಎಲ್ಲರ ತೊಡೆಯ ಮೇಲೂ ನಮ್ಮ ಪುಸ್ತಕ. ಚಿಕ್ಕಮ್ಮ, ಕಟಿಂಗ್ ಅಣ್ಣ ಹಿಂದೆ ಬಾಗಿಲ ಹತ್ತಿರ ನಿಂತಿದ್ದರು. ಖಾಲಿ ಕುರ್ಚಿ ಆರೇಳು ಇದ್ದವು. ಅವು ತಡವಾಗಿ ಬರುವವರಿಗೆ.

ಮುಖ್ಯ ಭಾಷಣ ಪ್ರೊಫೆಸರರದು. ಮೂವತ್ತು ವರ್ಷ ಕ್ರಾಂತಿಯ ಸಾಹಿತ್ಯ ಪಾಠ ಮಾಡಿದವರಂತೆ. ದನಿ ಚೆನ್ನಾಗಿತ್ತು. ಹಸಿವು ಎಂಬ ಮಾತು ಬಂದಾಗಲೆಲ್ಲ ಕಣ್ಣು ಮುಚ್ಚುತ್ತಿದ್ದರು.

"ಈ ಕೃತಿಯ ಶಿಖರ ಯಾವುದು?" ಎಂದು ಅವರು ಬೆರಳೆತ್ತಿದರು. "ಒಂದು ಪುಟದಲ್ಲಿ ಬೀದಿ ಖಾಲಿ. ಎದುರು ಪುಟದಲ್ಲಿ, ರಸ್ತೆಗೆ ಅಡ್ಡವಾಗಿ ಒಂದು ದೊಡ್ಡ ಬಾಗಿಲು! ಅದಕ್ಕೆ ಒರಗಿ ನಮ್ಮ ನಾಯಕ ನಿಂತಿದ್ದಾನೆ. ಎಲ್ಲಿಂದ ಬಂತು ಈ ಬಾಗಿಲು? ಯಾರು ತಂದರು? ಲೇಖಕ ಹೇಳುವುದೇ ಇಲ್ಲ! ಆ ಮೌನ ಇದೆಯಲ್ಲ, ಆ ಮೌನವೇ ಮಹಾಕಲೆ. ಕ್ರಾಂತಿ ತಾನು ಎಲ್ಲಿಂದ ಬಂದೆ ಎಂದು ಹೇಳಿಕೊಳ್ಳುವುದಿಲ್ಲ."

ಸಭೆ ತಲೆದೂಗಿತು. ಕಟಿಂಗ್ ಅಣ್ಣ ಕೆಮ್ಮುತ್ತ ಹೊರಗೆ ಹೋಗಿ, ಮುಖ ಒರೆಸಿಕೊಂಡು ಒಳಗೆ ಬಂದ.

ಮುಂದಿನ ಸಾಲಿನ ಹಿರಿಯರೊಬ್ಬರು ಎದ್ದರು. "ಅದು ನಾಯಕನ ಸ್ವಂತ ಮನೆಯ ಬಾಗಿಲೇ ಇರಬಹುದಲ್ಲವೇ? ಜನರಿಗಾಗಿ ತನ್ನ ಮನೆಯ ಬಾಗಿಲನ್ನೇ ತ್ಯಾಗ ಮಾಡಿದ ಅಂತ?"

"ಅದ್ಭುತ!" ಎಂದರು ಪ್ರೊಫೆಸರ್. ಚಪ್ಪಾಳೆ ಬಿತ್ತು.

ಆ ಚಪ್ಪಾಳೆ ಬೀಳದಿದ್ದರೆ ನಾನು ಚೀಟಿ ಓದಿ ಇಳಿದುಬಿಡುತ್ತಿದ್ದೆನೋ ಏನೋ. ಪುಟ ಹೋದರೆ ಹೋಗಲಿ. ಆದರೆ ಆ ಹೆಂಗಸರು ಹೆಗಲು ಕೊಟ್ಟು ಹೊತ್ತ ಬಾಗಿಲನ್ನು ಇವರು ಎತ್ತಿ ಆ ಕಿಟಕಿಯ ಹತ್ತಿರ ನಿಲ್ಲುವವನಿಗೆ ಕೊಟ್ಟುಬಿಟ್ಟರಲ್ಲ. ಹಿಂದೆ ತಿರುಗಿ ಚಿಕ್ಕಮ್ಮನನ್ನು ನೋಡಿದೆ. ಅವಳು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತಿದ್ದಳು. ಹಲ್ಲು ಕಚ್ಚಿದ್ದಳು. ಊಟದ ಹೊತ್ತಿಗೆ ಇನ್ನೂ ಒಂದು ಗಂಟೆ ಇತ್ತು.

ಅಧ್ಯಕ್ಷೆ ನನ್ನನ್ನು ಕರೆದರು. "ಈಗ ನಮ್ಮ ಹುಡುಗಿ ಎರಡು ಮಾತಾಡ್ತಾಳೆ. ಹೆದರಬೇಡಮ್ಮಾ, ನಾವೆಲ್ಲ ನಿನ್ನೋರೇ."

ಮೈಕಿನ ಮುಂದೆ ನಿಂತೆ. ಚೀಟಿ ಮುದುರಿ ಕೈಯಲ್ಲಿ ಒದ್ದೆಯಾಗಿತ್ತು.

"ಆ ಬಾಗಿಲು ಎಲ್ಲಿಂದ ಬಂತು ಅಂತ ನನಗೆ ಗೊತ್ತು," ಎಂದೆ.

ಎಲ್ಲರೂ ಪ್ರೀತಿಯಿಂದ ನಕ್ಕರು. ನಾನು ಹೇಳಿದೆ. ಹಂಡೆ, ಹಬೆ, ಬೀಗ, ಬಿದ್ದವಳು, ಕಿತ್ತ ಬಾಗಿಲು. ಮಡಿಸುವಾಗ ಓದಿದ್ದೆಲ್ಲ ಬಾಯಿಗೇ ಬರುತ್ತಿತ್ತು. ಒಬ್ಬರು ಕಣ್ಣು ಒರೆಸಿಕೊಂಡರು.

"ಭೇಷ್!" ಎಂದರು ಪ್ರೊಫೆಸರ್. "ಎಂಥ ಕಲ್ಪನೆ! ಲೇಖಕ ಬಿಟ್ಟದ್ದನ್ನು ಈ ಹುಡುಗಿ ತುಂಬಿದ್ದಾಳೆ."

"ಕಲ್ಪನೆ ಅಲ್ಲ ಸಾರ್. ಪುಟ ಇನ್ನೂರ ಎಂಬತ್ತೊಂಬತ್ತರಿಂದ ಮುನ್ನೂರ ನಾಲ್ಕು. ಎಲ್ಲರೂ ತೆಗೆದು ನೋಡಿ."

ಗಟ್ಟಿ ಹೊಲಿಗೆಯ ಹೊಸ ಪುಸ್ತಕವನ್ನು ಮೊದಲ ಸಲ ನಡುವೆ ಬಿಡಿಸಿದರೆ ಬೆನ್ನಿನಲ್ಲಿ ಕಟಕ್ ಎಂಬ ಸದ್ದು ಬರುತ್ತದೆ. ಮೊದಲ ಸಲ ಮಾತ್ರ. ಆ ಸದ್ದು ಕೇಳಿದರೆ ಸಾಕು, ಪುಸ್ತಕ ಯಾರೂ ಓದಿಲ್ಲ ಎಂದು ನಮಗೆ ಗೊತ್ತಾಗುತ್ತದೆ. ಸಭೆಯ ತುಂಬ ಕಟಕ್, ಕಟಕ್, ಕಟಕ್. ಪುಸ್ತಕ ಮನೆಗೆ ಹೋಗಿ ಎರಡು ವಾರವಾಗಿತ್ತು. ಪ್ರೊಫೆಸರರ ಪುಸ್ತಕ ಮಾತ್ರ ಸದ್ದು ಮಾಡಲಿಲ್ಲ. ಅವರು ಓದಿದ್ದರು. ಓದಿದವರಿಗೂ ಕಾಣಲಿಲ್ಲವಲ್ಲ ಎಂದು ನನಗೆ ಇನ್ನೂ ಸಂಕಟವಾಯಿತು.

"ಇನ್ನೂರ ಎಂಬತ್ತೆಂಟು... ಮುನ್ನೂರ ಐದು," ಎಂದು ಯಾರೋ ಓದಿದರು.

"ಹದಿನಾರು ಪುಟ ಇಲ್ಲ. ಕೆಳಗಿವೆ, ನಮ್ಮ ಕೋಣೆಯಲ್ಲಿ," ಎಂದೆ. "ಯಾಕೆ ಬಿಟ್ಟುಹೋಯ್ತು ಅಂತಲೂ ಹೇಳ್ತೀನಿ." ಅದನ್ನೂ ಹೇಳಿದೆ. ಕೀಲಿ, ಶನಿವಾರ, ಮಾರ್ಕೆಟ್ಟು, ಒಂಬತ್ತು ಜನರ ಸಾಲು, ರಕ್ತ. ಮೂತ್ರ ಎಂಬ ಮಾತು ಮೈಕಿನಲ್ಲಿ ದೊಡ್ಡದಾಗಿ ಕೇಳಿಸಿತು. ಹಬೆಗೆ ಬಿದ್ದವಳಿಗಾಗಿ ಕಣ್ಣು ಒರೆಸಿಕೊಂಡವರು ಈಗ ಕರ್ಚೀಫನ್ನು ಮೂಗಿಗೆ ಹಿಡಿದರು.

ಕಾರ್ಯದರ್ಶಿ ಮುಖ ಕೆಂಪಗಾಗಿ ಎದ್ದು ನಿಂತಿದ್ದರು. "ಇದು ಅದಕ್ಕೆ ವೇದಿಕೆ ಅಲ್ಲ! ಯಾರ ತಪ್ಪು ಇದು? ಅದನ್ನ ಹೇಳು."

"ನಂದು. ಜೋಡಿಸಿದ್ದು ನಾನು."

"ಅವಳದಲ್ಲ, ನಂದು," ಎಂದಳು ಚಿಕ್ಕಮ್ಮ ಬಾಗಿಲಿನಿಂದ.

"ಹಾಗಾದ್ರೆ ನಾಳೆಯಿಂದ ನೀನು ಬರೋದೇ ಬೇಡ. ಸಂಘದ ಮರ್ಯಾದೆ ಬೀದಿಪಾಲು ಮಾಡಿದ್ರಿ," ಎಂದರು ಕಾರ್ಯದರ್ಶಿ ಅವಳ ಕಡೆ ತಿರುಗಿ.

ಅಧ್ಯಕ್ಷೆ ಅಯ್ಯೋ ಅಂದರು.

ಚಿಕ್ಕಮ್ಮ ನಡೆದು ಬಂದಳು. ಕುರ್ಚಿಗಳ ನಡುವೆ, ಕೆಂಪು ಕಾರ್ಪೆಟ್ಟಿನ ಮೇಲೆ, ಹೊಟ್ಟೆಗೆ ಒಂದು ಕೈ ಒತ್ತಿಕೊಂಡು, ನಿಧಾನವಾಗಿ. ಇಕ್ಕೆಲದವರು ಕಾಲು ಹಿಂದಕ್ಕೆ ಎಳೆದುಕೊಂಡರು. ವೇದಿಕೆ ಹತ್ತಿ ಪ್ರೊಫೆಸರರ ಮುಂದಿದ್ದ ಗಾಜಿನ ಜಗ್ಗು ಎತ್ತಿದಳು. ಲೋಟಕ್ಕೆ ಬಗ್ಗಿಸಿ ಗಟಗಟ ಕುಡಿದಳು. ಇನ್ನೊಂದು ಲೋಟ ಬಗ್ಗಿಸಿದಳು, ಕುಡಿದಳು. ಹನ್ನೊಂದು ವರ್ಷದಲ್ಲಿ ಆ ಕಟ್ಟಡದೊಳಗೆ ಅವಳು ನೀರು ನುಂಗಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಏನು ಮಾಡ್ತಿದೀಯ?" ಎಂದರು ಕಾರ್ಯದರ್ಶಿ.

"ಡಾಕ್ಟ್ರು ಹೇಳಿದಾರೆ, ಮೂರು ಲೀಟ್ರು." ಕೆಳಗಿಳಿದು ಮುಂದಿನ ಸಾಲಿನ ಖಾಲಿ ಕುರ್ಚಿಯಲ್ಲಿ ಕುಳಿತಳು. ಜಗ್ಗು ತೊಡೆಯ ಮೇಲಿತ್ತು. "ಇವತ್ತು ನಾನು ಮಾರ್ಕೆಟ್ಟಿಗೆ ಹೋಗಲ್ಲ ಸ್ವಾಮಿ. ಆ ಬಾಗ್ಲು ತೆಗೆದ್ರೆ ಅಲ್ಲಿ. ತೆಗೀದಿದ್ರೆ ಇಲ್ಲೇ, ಈ ಕಾರ್ಪೆಟ್ಟಿನ ಮೇಲೆ. ತೊಳೆಯೋದು ಹೇಗಿದ್ರೂ ನಾನೇ ಅಲ್ವಾ. ಅಲ್ಲ, ನಾಳೆಯಿಂದ ನಾನೇ ಇಲ್ವಲ್ಲ."

ಪಕ್ಕದ ಹಿರಿಯರು ಎದ್ದು ಎರಡು ಕುರ್ಚಿ ಆಚೆ ಹೋದರು. ನಾನು ಮೈಕು ಬಿಟ್ಟು ಇಳಿದು ಆ ಕುರ್ಚಿಯಲ್ಲಿ ಕುಳಿತೆ. ಚಿಕ್ಕಮ್ಮನ ಕೈಯಿಂದ ಲೋಟ ತೆಗೆದುಕೊಂಡು ತುಂಬ ನೀರು ಕುಡಿದೆ. ಹಿಂದಿನಿಂದ ಕಟಿಂಗ್ ಅಣ್ಣನೂ ಬಂದ. "ನನಗೂ ಕೊಡು," ಎಂದು ಕೈ ಚಾಚಿದ.

ಪ್ರೊಫೆಸರರು ಕಾರ್ಯದರ್ಶಿಯ ಮುಖ ನೋಡಿದರು. ಅಧ್ಯಕ್ಷೆ ಕಾರ್ಪೆಟ್ಟು ನೋಡಿದರು. ಕಾರ್ಯದರ್ಶಿ ಬಲಗೈಯನ್ನು ಪ್ಯಾಂಟಿನ ಜೇಬಿನ ಮೇಲೆ ಒತ್ತಿ ಹಿಡಿದಿದ್ದರು.

ಚಿಕ್ಕಮ್ಮ ಜಗ್ಗಿನಲ್ಲಿ ಉಳಿದದ್ದನ್ನು ಲೋಟಕ್ಕೆ ಬಗ್ಗಿಸಿಕೊಂಡಳು.

"ನೀವು ಚರ್ಚೆ ಮಾಡಿ ಸಾರ್," ಎಂದಳು ಪ್ರೊಫೆಸರರಿಗೆ. "ನಮಗೇನೂ ಅವಸರ ಇಲ್ಲ."